ಅಂಕಣಕ್ಕಿಳಿದರೆ ಬಾಯಿ ಬಿಡದ ಹುಡುಗರು: ವಾಲಿಬಾಲ್ ತಂಡಕ್ಕೆ ಮಾತು ಕಲಿಸುವುದು ಹೇಗೆ?

ಎರೆಮಣ್ಣಿನ ಮಾಸ್ತರ, ಅಣ್ಣಿಗೇರಿ ಕಡೆ (ಚರ್ಚೆ ಆರಂಭಿಸಿದವರು)

ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕನಾಗಿದ್ದೇನೆ. 17 ವರ್ಷದೊಳಗಿನ ಬಾಲಕರ ತಂಡ ನೋಡಿಕೊಳ್ಳುತ್ತೇನೆ. ಎತ್ತರದ ಹುಡುಗರಿದ್ದಾರೆ, ಸ್ಮ್ಯಾಶ್ ಚೆನ್ನಾಗಿದೆ, ಸರ್ವಿಸ್ ತಪ್ಪುವುದೂ ಕಡಿಮೆ. ವಲಯ ಮಟ್ಟದಲ್ಲಿ ಸಲೀಸಾಗಿ ಗೆಲ್ಲುತ್ತಾರೆ. ತಾಲ್ಲೂಕು ಮಟ್ಟಕ್ಕೆ ಹೋದರೆ ಮುಗಿಯಿತು, ಚೆಂಡು ಇಬ್ಬರ ನಡುವೆ ಬೀಳತೊಡಗುತ್ತದೆ. ಎದುರಾಳಿಯ ಸರ್ವಿಸ್ ಐದು ಮತ್ತು ಆರನೆಯ ಸ್ಥಾನದ (ಹಿಂದಿನ ಸಾಲಿನ ಎಡಗಡೆ ಮತ್ತು ನಡು) ನಡುವೆ ಬರುತ್ತದೆ. ಇಬ್ಬರೂ ಒಂದೊಂದು ಹೆಜ್ಜೆ ಇಡುತ್ತಾರೆ, ಇಬ್ಬರೂ ನಿಲ್ಲುತ್ತಾರೆ, ಚೆಂಡು ನೆಲ ಮುಟ್ಟುತ್ತದೆ. ಆಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ತರಗತಿಯಲ್ಲಿ ಬಾಯಿ ಮುಚ್ಚಿಸಲು ಹರಸಾಹಸ ಪಡಬೇಕಾದ ಹುಡುಗರು ಇವರೇ. ಅಂಕಣಕ್ಕಿಳಿದರೆ ಮೌನವ್ರತ. "ಮಾತಾಡಿ, ಮಾತಾಡಿ" ಎಂದು ಕೂಗಿ ನನ್ನ ಗಂಟಲು ಹೋಗಿದೆಯೇ ಹೊರತು ಬೇರೇನೂ ಆಗಿಲ್ಲ. ಇದಕ್ಕೆಂದೇ ಅಭ್ಯಾಸಗಳಿದ್ದರೆ ತಿಳಿಸಿ. ನಮ್ಮಲ್ಲಿರುವುದು ಒಂದು ನೆಟ್, ಆಡಲು ಯೋಗ್ಯವಾದ ಮೂರು ಚೆಂಡು, ಮಳೆ ಬಂದರೆ ಕಾಲಿಗಂಟುವ ಅಂಗಳ.

ರಾಣೆಬೆನ್ನೂರು ಸೆಟ್ಟರ್

ನಮಸ್ಕಾರ ಸರ್. ಏನು ಹೇಳಬೇಕು, ಯಾವಾಗ ಹೇಳಬೇಕು, ಯಾರು ಹೇಳಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿ ಕೊಟ್ಟಿದ್ದೀರಾ? ಇಲ್ಲದಿದ್ದರೆ "ಮಾತಾಡಿ" ಎಂದಾಗ ಹುಡುಗರಿಗೆ ಹೊಳೆಯುವುದು "ಬಾರೋ ಬಾರೋ", "ಹೊಡಿ ಹೊಡಿ" ಇಷ್ಟೇ. ಅದು ಗದ್ದಲ, ಅದರಿಂದ ಪಕ್ಕದವನಿಗೆ ಯಾವ ಮಾಹಿತಿಯೂ ಸಿಗುವುದಿಲ್ಲ.

ಸರ್ವಿಸ್ ಪಡೆಯುವಲ್ಲಿಂದ ಶುರು ಮಾಡಿ. ಈ ವಯಸ್ಸಿನವರ ಸರ್ವಿಸ್ ನಮ್ಮ ಅಂಗಳಕ್ಕೆ ಬಂದು ಬೀಳಲು ಒಂದು ಸೆಕೆಂಡ್ ಆಸುಪಾಸು ಸಾಕು. ಚೆಂಡು ನೆಟ್ ದಾಟುವುದರೊಳಗೆ "ನಾನು" ಎಂಬ ಕೂಗು ಬಂದಿರಬೇಕು. ದಾಟಿದ ಮೇಲೆ ಕೂಗಿದರೆ ಅದು ವರದಿ, ಆಗಿಹೋದ ಸಂಗತಿಯನ್ನು ಹೇಳಿದಂತೆ. ಚೆಂಡು ಹೊರಗೆ ಹೋಗುತ್ತಿದೆಯೇ ಎಂಬುದನ್ನು ಆಡಲು ಕೈ ಜೋಡಿಸಿ ನಿಂತವನು ನೋಡಲಾರ, ಅದು ಪಕ್ಕದವನ ಕೆಲಸ. ಅವನು "ಬಿಡು" ಎನ್ನಬೇಕು. ಹಾಗಾಗಿ ಪ್ರತಿ ಸರ್ವಿಸ್‌ಗೂ ಇಬ್ಬರ ಬಾಯಿಗೆ ಕೆಲಸವಿದೆ: ಆಡುವವನಿಗೆ ಒಂದು, ಆಡದವನಿಗೆ ಒಂದು.

ಇನ್ನು ಎರಡನೆಯ ಚೆಂಡು, ಅಂದರೆ ನಮ್ಮ ತಂಡದ ಎರಡನೆಯ ಮುಟ್ಟು. ಅದು ಹೊಡೆಯುವವನಿಗೆ ಚೆಂಡು ಎತ್ತಿಕೊಡುವ ಸೆಟ್ಟರ್‌ನದು, ಯಾರೂ ಕೇಳಬೇಕಾಗಿಲ್ಲ. ಆದರೆ ಮೊದಲ ಚೆಂಡನ್ನೇ ಸೆಟ್ಟರ್ ಎತ್ತಬೇಕಾಗಿ ಬಂದರೆ ಅವನು ತಕ್ಷಣ "ಹೆಲ್ಪ್" ಎನ್ನಬೇಕು. ಆಗ ಯಾರು ಎತ್ತಿಕೊಡುತ್ತಾರೆ ಎಂಬುದು ಹಿಂದಿನ ಸಂಜೆಯೇ ತೀರ್ಮಾನವಾಗಿರಬೇಕು. ನಮ್ಮಲ್ಲಿ ಲಿಬೆರೊ, ಅಂದರೆ ಹಿಂದಿನ ಸಾಲಿನಲ್ಲಷ್ಟೇ ಆಡುವ ರಕ್ಷಣಾ ಆಟಗಾರ. ಒಂದು ಎಚ್ಚರಿಕೆ: ನೆಟ್‌ನಿಂದ ಮೂರು ಮೀಟರ್ ದೂರದ ದಾಳಿ ಗೆರೆಯೊಳಗೆ ನಿಂತು ಲಿಬೆರೊ ತಲೆಯ ಮೇಲಿಂದ ಬೆರಳಿನಲ್ಲಿ ಎತ್ತಿಕೊಟ್ಟ ಚೆಂಡನ್ನು ನೆಟ್‌ಗಿಂತ ಎತ್ತರದಲ್ಲಿ ಹೊಡೆದರೆ ತಪ್ಪು. ಗೆರೆಯ ಹಿಂದಿನಿಂದ ಎತ್ತಬೇಕು, ಇಲ್ಲವೇ ಮುಂಗೈಯಿಂದ ಕೊಡಬೇಕು. ಶಾಲಾ ಪಂದ್ಯಗಳಲ್ಲಿ ಒಳ್ಳೆಯ ಪಾಯಿಂಟ್‌ಗಳು ಇದರಲ್ಲೇ ಹೋಗುತ್ತವೆ.

ನಾವು ಸರ್ವಿಸ್ ಮಾಡುವ ಮುನ್ನವೇ ಹೇಳಬೇಕಾದ ಮಾತೂ ಒಂದಿದೆ. ಎದುರಾಳಿಯ ಸೆಟ್ಟರ್ ಮುಂದಿನ ಸಾಲಿನಲ್ಲಿದ್ದಾನೋ ಹಿಂದಿನ ಸಾಲಿನಲ್ಲಿದ್ದಾನೋ ನೋಡಿ. ಮುಂದಿದ್ದರೆ ಮುಂದಿನ ಸಾಲಿನಿಂದ ಹೊಡೆಯುವವರು ಇಬ್ಬರೇ, ಆದರೆ ಅವನೇ ಎರಡನೆಯ ಚೆಂಡನ್ನು ನಮ್ಮ ಕಡೆ ಹಾಕಿಬಿಡಬಹುದು. ಹಿಂದಿದ್ದರೆ ಹೊಡೆಯುವವರು ಮೂವರು. "ಇಬ್ಬರು" ಅಥವಾ "ಮೂವರು" ಎಂದು ಒಬ್ಬ ಕೂಗಿದರೆ ಸಾಕು, ಬ್ಲಾಕ್ ಹಾಕುವವರ (ನೆಟ್ ಬಳಿ ಜಿಗಿದು ಕೈ ಅಡ್ಡ ಹಿಡಿಯುವವರ) ನಿಲುವೇ ಬದಲಾಗುತ್ತದೆ.

ಶಿಳ್ಳೆ ಹಿಡಿದವನು, ಹುಬ್ಬಳ್ಳಿ

ತೀರ್ಪುಗಾರನ ಜಾಗದಿಂದ ಒಂದು ಮಾತು. ಮಾಸ್ತರರಿಗೆ ಬೇಸರವಾಗದಿರಲಿ, ಇದು ಎಲ್ಲ ತರಬೇತುದಾರರಿಗೂ ಸೇರಿದ್ದು. ಮೇಲೆ ನಿಂತು ನೋಡಿದರೆ ಎರಡೂ ಕಡೆ ಮಕ್ಕಳಿಗಿಂತ ಹೆಚ್ಚು ಮಾತಾಡುವವರು ಬೆಂಚಿನ ಬಳಿ ಇರುವ ಹಿರಿಯರು. "ಹಿಂದೆ ಹೋಗು", "ಕೈ ಎತ್ತು", "ಓಡು", "ಯಾಕೆ ಬಿಟ್ಟೆ?" ಪ್ರತಿ ಚೆಂಡಿಗೂ ಧಾರಾಕಾರ. ತರಬೇತುದಾರರು ಬೆಂಚಿನ ಮುಂದಿನ ಖಾಲಿ ಜಾಗದಲ್ಲಿ, ದಾಳಿ ಗೆರೆಯ ನೇರದಿಂದ ಹಿಂದಕ್ಕೆ ನಿಂತೋ ನಡೆದಾಡುತ್ತಲೋ ಸೂಚನೆ ಕೊಡಬಹುದು, ಪಂದ್ಯಕ್ಕೆ ಅಡ್ಡಿಯಾಗಬಾರದಷ್ಟೇ. ನಿಯಮದಲ್ಲಿ ಅವಕಾಶವಿದೆ, ಒಪ್ಪಿದೆ. ಆದರೆ ಚೆಂಡು ಗಾಳಿಯಲ್ಲಿರುವಾಗ ಬೆಂಚಿನಿಂದ ಬಂದ ಸೂಚನೆ ಯಾವಾಗಲೂ ತಡ. ಮಕ್ಕಳ ಕಣ್ಣು ಮಾತ್ರ ಪಾಯಿಂಟ್ ಮುಗಿದ ಕೂಡಲೇ ಬೆಂಚಿನ ಕಡೆ ಹೊರಳುತ್ತದೆ, ಪಕ್ಕದಲ್ಲಿರುವ ಗೆಳೆಯನ ಕಡೆ ಹೊರಳುವುದಿಲ್ಲ. ಅವರ ಪರವಾಗಿ ನೀವು ಮಾತಾಡುತ್ತಿದ್ದರೆ ಅವರು ಏಕೆ ಮಾತಾಡಬೇಕು?

ಟೈಮ್‌ಔಟ್ ಒಂದು ಸೆಟ್‌ಗೆ ಎರಡು, ತಲಾ 30 ಸೆಕೆಂಡ್. ಓಡಿಬಂದು ನೀರು ಕುಡಿಯುವಷ್ಟರಲ್ಲಿ ಅದರಲ್ಲಿ ಮೂರನೆಯ ಒಂದು ಭಾಗ ಕರಗಿರುತ್ತದೆ. ಉಳಿದದ್ದರಲ್ಲಿ ಏಳು ಸೂಚನೆ ತುರುಕುವವರನ್ನು ಕಂಡಿದ್ದೇನೆ, ಒಂದೂ ಒಳಗಿಳಿಯುವುದಿಲ್ಲ. ಗದಗದ ಕಡೆಯ ತಂಡವೊಂದರಲ್ಲಿ ಮಾತ್ರ ಮೊದಲು ನಾಯಕಿ ಮಾತಾಡುತ್ತಿದ್ದಳು. "ಅವರು ಟಿಪ್ (ಹೊಡೆಯುವ ಬದಲು ಮೆಲ್ಲಗೆ ಇಳಿಸುವ ಚೆಂಡು) ಹಾಕುತ್ತಿದ್ದಾರೆ, ನಾನು ಮುಂದೆ ಬರಲೇ?" ಎಂದು ಅವಳೇ ಕೇಳಿದಳು. ತರಬೇತುದಾರರು "ಹೂಂ" ಎಂದರು. ಅಷ್ಟೇ. ಉಳಿದ ಸಮಯ ಎಲ್ಲರೂ ಸುಮ್ಮನೆ ಉಸಿರು ತೆಗೆದುಕೊಂಡರು.

ಹಿಂದಿನ ಸಾಲು, ಗದಗ

ಶಿಳ್ಳೆ ಸರ್, ಅದು ನಮ್ಮ ತಂಡವೇ ಇರಬೇಕು! ನಾನು ಹೆಣ್ಣುಮಕ್ಕಳಿಗೆ ಸಂಜೆ ತರಬೇತಿ ಕೊಡುತ್ತೇನೆ. ಕಾಲೇಜಿನಲ್ಲಿ ಲಿಬೆರೊ ಆಗಿದ್ದೆ.

ಮಾಸ್ತರರ ಪ್ರಶ್ನೆಗೆ ನನ್ನ ಉತ್ತರ ಸ್ವಲ್ಪ ಬೇರೆ. ಮಕ್ಕಳಿಗೆ ಏನು ಹೇಳಬೇಕೆಂದು ಗೊತ್ತಿಲ್ಲ ಎಂಬುದು ಅರ್ಧ ಕಾರಣ. ಉಳಿದರ್ಧ ಭಯ. "ನಾನು" ಎಂದು ಕೂಗಿ ಚೆಂಡು ತಪ್ಪಿದರೆ ಬೈಗುಳವೆಲ್ಲ ಕೂಗಿದವಳ ತಲೆಯ ಮೇಲೆ. ಸುಮ್ಮನಿದ್ದು ಚೆಂಡು ನಡುವೆ ಬಿದ್ದರೆ ಬೈಗುಳ ಇಬ್ಬರಿಗೆ ಹಂಚಿಹೋಗುತ್ತದೆ, ಎಷ್ಟೋ ಸಲ ಯಾರಿಗೂ ತಗಲುವುದಿಲ್ಲ. ಮಕ್ಕಳು ಈ ಲೆಕ್ಕದಲ್ಲಿ ಬಹಳ ಜಾಣರು. ಸುಮ್ಮನಿರುವುದು ಅಗ್ಗ. ಕೂಗುವುದನ್ನು ಅಗ್ಗ ಮಾಡಿ, ಸುಮ್ಮನಿರುವುದನ್ನು ದುಬಾರಿ ಮಾಡಿ. ಅಭ್ಯಾಸದ ಪಂದ್ಯದಲ್ಲಿ ನಾನು ಇಟ್ಟಿರುವ ನಿಯಮ ಇದು: ಕೂಗಿ ತಪ್ಪಿದ ಚೆಂಡಿನ ಬಗ್ಗೆ ಯಾರೂ ಚಕಾರ ಎತ್ತುವಂತಿಲ್ಲ, ನಾನೂ ಸೇರಿ. ಕೂಗದೆ ಎತ್ತಿದ ಚೆಂಡು ಎಷ್ಟೇ ಚೆಂದದ ಪಾಸ್ ಆಗಿರಲಿ, ಪಾಯಿಂಟ್ ಎದುರಾಳಿಗೆ. ಮೊದಲು ಜಗಳವಾಯಿತು. "ಮೇಡಂ, ಅಷ್ಟು ಒಳ್ಳೆಯ ಪಾಸ್ ಕೊಟ್ಟಿದ್ದೇನೆ" ಎಂದು ಅತ್ತವರೂ ಇದ್ದಾರೆ. ನಾನು ಜಗ್ಗಲಿಲ್ಲ.

ಇನ್ನೊಂದು ತೊಡಕು ನಮ್ಮ ಊರುಗಳದ್ದೇ. ತಂಡದಲ್ಲಿ ಎಂಟನೆಯ ತರಗತಿಯವಳೂ ಇರುತ್ತಾಳೆ, ಪಿಯುಸಿ ಓದುವವಳೂ ಇರುತ್ತಾಳೆ. ಒಮ್ಮೆ ಚೆಂಡು ಸ್ಪಷ್ಟವಾಗಿ ಗೆರೆಯ ಹೊರಗೆ ಹೋಗುತ್ತಿತ್ತು. ಚಿಕ್ಕವಳು ನೋಡಿದಳು. ದೊಡ್ಡವಳು ಕೈ ಜೋಡಿಸಿ ಹಿಂದೆ ಸರಿಯುತ್ತಿದ್ದಳು. ಚಿಕ್ಕವಳು ಮೆಲ್ಲಗೆ "ಅಕ್ಕಾ, ಅದನ್ನು ಬಿಡಿ" ಎಂದಳು. ಆ ಮೂರು ಮಾತು ಮುಗಿಯುವಷ್ಟರಲ್ಲಿ ಚೆಂಡು ಅಕ್ಕನ ಮುಂಗೈಗೆ ತಾಗಿ ಪ್ರೇಕ್ಷಕರ ಕಡೆ ಹಾರಿತ್ತು! ಮರ್ಯಾದೆ ಉಳಿಯಿತು, ಪಾಯಿಂಟ್ ಹೋಯಿತು. ಇದನ್ನು ನಾನು ಹೇಳಿ ಸರಿಪಡಿಸಲು ಸಾಧ್ಯವಿರಲಿಲ್ಲ, ದೊಡ್ಡವಳೇ ಹೇಳಬೇಕಿತ್ತು. ಅವಳು ಎಲ್ಲರೆದುರು, "ಗೆರೆಯೊಳಗೆ ನನಗೆ 'ಬಿಡು' ಎಂದೇ ಕೂಗು, ಗೆರೆ ದಾಟಿದ ಮೇಲೆ ಬೇಕಾದಷ್ಟು ಅಕ್ಕಾ ಎನ್ನು" ಎಂದಳು. ಅಂದಿನಿಂದ ಚಿಕ್ಕವಳ ಗಂಟಲು ತೆರೆಯಿತು. ಹಿರಿಯ ಆಟಗಾರರ ಬಾಯಿಂದಲೇ ಈ ಅನುಮತಿ ಬರುವಂತೆ ಮಾಡಿ ಸರ್.

ಗಾಳಿಯ ಬಗ್ಗೆಯೂ ಹೇಳಬೇಕು. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಆಷಾಢದಲ್ಲಿ ನಮ್ಮ ಕಡೆ ತೆರೆದ ಅಂಗಳದಲ್ಲಿ ಆಡಿದರೆ ಚೆಂಡಿನ ದಾರಿ ತಪ್ಪುವುದಲ್ಲದೆ ಕೂಗೂ ಹಾರಿಹೋಗುತ್ತದೆ. ಗಾಳಿಗೆ ಎದುರಾಗಿ ಕೂಗುವವರ ದನಿ ಹಿಂದಿನ ಸಾಲಿಗೆ ಕೇಳಿಸಿದರೂ ಮುಂದಿನ ಸಾಲಿಗೆ ಮುಟ್ಟುವುದಿಲ್ಲ. ಅಂಗಳ ಬದಲಾದ ಕೂಡಲೇ ಗಾಳಿ ಯಾವ ಕಡೆಗಿದೆ ಎಂದು ಒಬ್ಬರು ಹೇಳುವುದು ನಮ್ಮಲ್ಲಿ ಕಡ್ಡಾಯ.

ಹಳೆಯ ಸ್ಮ್ಯಾಶರ್, ಹಾನಗಲ್

ಎಲ್ಲರೂ ಮಾತು ಮಾತು ಎನ್ನುತ್ತಿದ್ದೀರಿ. ನನಗೆ ಒಪ್ಪಿಗೆಯಿಲ್ಲ. ಮುಂಗೈ ಸರಿಯಾಗಿ ಜೋಡಿಸಲು ಬಾರದ ಹುಡುಗನಿಗೆ ಮಾತು ಕಲಿಸುವುದು ಬುಡವಿಲ್ಲದ ಕೆಲಸ. ಅವನ ಗಮನವೆಲ್ಲ ಚೆಂಡು ಎಲ್ಲಿ ಹಾರುತ್ತದೋ ಎಂಬಲ್ಲೇ ಇರುತ್ತದೆ. ಅವನಿಗೆ ದಿನವೂ ಗೋಡೆಗೆ ನೂರು ಚೆಂಡು ಹೊಡೆಸಿ. ಕೈಗೆ ಧೈರ್ಯ ಬಂದರೆ ಬಾಯಿಗೆ ತಾನಾಗಿ ಬರುತ್ತದೆ.

1986ರ ಸೋಲ್ ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮ ಪುರುಷರ ತಂಡ ಕಂಚು ಗೆದ್ದ ಕಾಲದಿಂದ ಈ ಆಟ ನೋಡುತ್ತಿದ್ದೇನೆ. ಆಗ ಸರ್ವಿಸ್ ಮಾಡಿದ ತಂಡಕ್ಕೆ ಮಾತ್ರ ಪಾಯಿಂಟ್, ಸೆಟ್ 15ಕ್ಕೆ. ನಮ್ಮ ಗುರುಗಳು ಬೈದೇ ಕಲಿಸಿದರು, ನಾವು ಕಲಿತೆವು. ಈಗಿನವರು 2022ರಿಂದ ಪ್ರೈಮ್ ವಾಲಿಬಾಲ್ ಲೀಗ್ ನೋಡಿ ಪಾಯಿಂಟ್ ಬಂದ ಮೇಲೆ ಎದೆ ಬಡಿದು ಅರಚುವುದನ್ನು ಕಲಿತಿದ್ದಾರೆ. ಚೆಂಡು ಬರುವ ಮುನ್ನ ಮಾತ್ರ ಮೌನ.

ಹಿಂದಿನ ಸಾಲು, ಗದಗ

ಅಣ್ಣಾ, ಕೊನೆಯ ಮಾತು ನೂರಕ್ಕೆ ನೂರು ನಿಜ. ಬೈಸಿಕೊಂಡೇ ಕಲಿತವರ ಬಗ್ಗೆ ಮಾತ್ರ ಒಂದು ಪ್ರಶ್ನೆ: ಬೈಗುಳ ತಡೆಯಲಾರದೆ ಆಟ ಬಿಟ್ಟವರು ಇಂದು ಇಲ್ಲಿ ಬಂದು ಬರೆಯುವುದಿಲ್ಲವಲ್ಲ? ಉಳಿದವರನ್ನು ಎಣಿಸಿ ವಿಧಾನ ಸರಿ ಎನ್ನುವುದು ಹೇಗೆ?

ರಾಣೆಬೆನ್ನೂರು ಸೆಟ್ಟರ್

ಅಣ್ಣನವರು ಹೇಳಿದ ಹಳೆಯ ಪಾಯಿಂಟ್ ಪದ್ಧತಿಯೇ ನನ್ನ ವಾದಕ್ಕೆ ಆಧಾರ. ಆಗ ಸರ್ವಿಸ್ ನಮ್ಮದಿದ್ದಾಗ ಚೆಂಡು ಇಬ್ಬರ ನಡುವೆ ಬಿದ್ದರೆ ಹೋಗುತ್ತಿದ್ದುದು ಸರ್ವಿಸ್ ಮಾತ್ರ. ಈಗ ಸರ್ವಿಸ್ ಯಾರದೇ ಇರಲಿ, 25ರ ಸೆಟ್‌ನಲ್ಲಿ ಪ್ರತಿ ರ‍್ಯಾಲಿಗೂ ಪಾಯಿಂಟ್. ನಾಲ್ಕು ಸಲ "ನೀನು ತೆಗೆದುಕೊಳ್ಳುತ್ತೀಯೆಂದುಕೊಂಡೆ" ಆದರೆ ನಾಲ್ಕು ಪಾಯಿಂಟ್ ನೇರವಾಗಿ ಎದುರಾಳಿಗೆ. ಮೌನದ ಬೆಲೆ ಏರಿದೆ.

ಕೈ ಮೊದಲು, ಬಾಯಿ ಆಮೇಲೆ ಎಂದು ಬೇರ್ಪಡಿಸುವ ಅಗತ್ಯವೂ ಇಲ್ಲ. ಗೋಡೆಗೆ ಹೊಡೆಯುವಾಗ ಎದುರಿಗೆ ಮನುಷ್ಯನಿಲ್ಲ, ಕೂಗುವ ಕಾರಣವೂ ಇಲ್ಲ. ಅದರ ಬದಲು ಮೂವರನ್ನು ತ್ರಿಕೋನದಲ್ಲಿ ನಿಲ್ಲಿಸಿ. ಚೆಂಡು ಕೊಡುವವನು ಯಾರಿಗೆ ಕೊಡುತ್ತಾನೋ ಅವನ ಹೆಸರು ಕೂಗಬೇಕು, ಪಡೆಯುವವನು "ನಾನು" ಎನ್ನಬೇಕು. ಕೈ ಕೆಲಸವೂ ಆಯಿತು, ಬಾಯಿ ಕೆಲಸವೂ ಆಯಿತು. ಮುಂದಿನ ಹಂತಕ್ಕೆ ಮೂವರು ಎದುರು ಮೂವರನ್ನು ಅರ್ಧ ಅಗಲದ ಅಂಗಳದಲ್ಲಿ ಆಡಿಸಿ. ಉದ್ದಕ್ಕೆ ಒಂದು ಹಗ್ಗ ಹಾಸಿದರೆ 9 ಮೀಟರ್ ಅಗಲದ ಅಂಕಣದಲ್ಲಿ ಒಂದೇ ಹೊತ್ತಿಗೆ ಎರಡು ಪಂದ್ಯ ನಡೆಯುತ್ತವೆ, ಎರಡು ಚೆಂಡು ಸಾಕು. ಆರು ಜನರ ಆಟದಲ್ಲಿ ಅಡಗಿಕೊಳ್ಳಬಹುದು, ಮೂವರಲ್ಲಿ ಅಡಗಲು ಜಾಗವಿಲ್ಲ.

ನೆಟ್‌ಗೆ ಚಾದರ ಹಾಕಿ ಆಡಿಸುವ ಅಭ್ಯಾಸವನ್ನೂ ಮಾಡಿ ನೋಡಿ. ಆಚೆ ಯಾರು, ಎಲ್ಲಿ ನಿಂತಿದ್ದಾರೆ ಎಂಬುದು ಕಾಣಿಸುವುದಿಲ್ಲ. ಚೆಂಡು ಚಾದರದ ಮೇಲೆ ತಟ್ಟನೆ ಕಾಣಿಸಿಕೊಳ್ಳುತ್ತದೆ. ಮೊದಲು ಕಂಡವನು ಕೂಗದಿದ್ದರೆ ಉಳಿದವರಿಗೆ ಗತಿಯಿಲ್ಲ.

ಒಬ್ಬ ತಾಯಿ, ಧಾರವಾಡ

ಆಟದ ಸೂಕ್ಷ್ಮ ನನಗೆ ತಿಳಿಯದು. ಮಗ ಹದಿನಾಲ್ಕು ವರ್ಷದೊಳಗಿನ ತಂಡದಲ್ಲಿದ್ದಾನೆ, ಸ್ವಭಾವದಲ್ಲೇ ಮೆದು. ಹಿಂದೆ ಅವನಿದ್ದ ತಂಡದಲ್ಲಿ ಅವನು ಚೆಂಡು ಬಿಟ್ಟ ವಿಡಿಯೊವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, "ಬಾಯಲ್ಲಿ ಏನಿತ್ತು?" ಎಂದು ಕೇಳಿದ್ದರು. ಎಲ್ಲ ಪಾಲಕರೂ ಇರುವ ಗುಂಪು ಅದು. ಮುಂದಿನ ವಾರ ಅವನು ಹೊಟ್ಟೆನೋವು ಎಂದು ಮನೆಯಲ್ಲೇ ಉಳಿದ. ಎಲ್ಲ ಮಕ್ಕಳೂ ಗಟ್ಟಿ ದನಿಯವರೇ ಆಗಬೇಕೇ? ಮೆದು ಮಾತಿನವರಿಗೆ ಈ ಆಟದಲ್ಲಿ ಜಾಗವಿಲ್ಲವೇ?

ಹಿಂದಿನ ಸಾಲು, ಗದಗ

ಖಂಡಿತ ಇದೆ ಅಕ್ಕಾ. ಅಂಥ ಮಗುವಿಗೆ "ಜೋರಾಗಿ ಕೂಗು" ಎನ್ನುವ ಬದಲು ಒಂದೇ ಒಂದು ಕೆಲಸ ವಹಿಸಬೇಕು. ಮೇಲೆ ಸೆಟ್ಟರ್ ಹೇಳಿದ "ಇಬ್ಬರು, ಮೂವರು" ಎಂಬ ಎಣಿಕೆಯನ್ನೇ ಕೊಡಿ. ಅದನ್ನು ಸರ್ವಿಸ್‌ಗೆ ಮುನ್ನ ಹೇಳುವುದರಿಂದ ಅರಚಬೇಕಾಗಿಲ್ಲ, ಗಮನಿಸುವ ಕಣ್ಣಿದ್ದರೆ ಸಾಕು. ಮೆದು ಮಕ್ಕಳು ಚೆನ್ನಾಗಿ ಗಮನಿಸುತ್ತಾರೆ. ತನ್ನ ಮಾತಿನಿಂದ ಉಳಿದ ಐವರು ಜಾಗ ಬದಲಿಸುವುದನ್ನು ಕಂಡ ಮೇಲೆ ದನಿ ತಾನೇ ಏರುತ್ತದೆ. ವಿಡಿಯೊ ವಿಚಾರಕ್ಕೆ ನಮ್ಮಲ್ಲಿ ಒಂದೇ ನಿಯಮ: ಗುಂಪಿನಲ್ಲಿ ಬಸ್ಸಿನ ಸಮಯ, ಪಂದ್ಯದ ಜಾಗ, ಊಟದ ವ್ಯವಸ್ಥೆ ಇಷ್ಟೇ. ಆಟದ ಮಾತು ಅಂಗಳದಲ್ಲಿ.

ಹೊನಲು ಬೆಳಕು, ಸವಣೂರು

ನಾನು ಜಾತ್ರೆಯ ಪಂದ್ಯಾವಳಿಗಳಲ್ಲಿ ಆಡುವವನು. ಕೂಗಿನ ಬಗ್ಗೆ ಇಷ್ಟೆಲ್ಲ ಓದಿ ನಗು ಬಂತು. ನಮ್ಮ ರಾತ್ರಿ ಪಂದ್ಯಗಳಲ್ಲಿ ಒಂದು ಕಡೆ ಧ್ವನಿವರ್ಧಕದಲ್ಲಿ ವೀಕ್ಷಕ ವಿವರಣೆ, ಇನ್ನೊಂದು ಕಡೆ ಹಲಗೆ ಬಡಿತ, ನಡುವೆ ಬಹುಮಾನ ಕೊಟ್ಟವರ ಹೆಸರಿನ ಪಟ್ಟಿ. ಪಕ್ಕದವನು ಕಿವಿಯಲ್ಲಿ ಕೂಗಿದರೂ ಕೇಳಿಸದು. ಅಲ್ಲಿ ಕೈಯೇ ಮಾತು.

ಮುಂದಿನ ಸಾಲಿನವನು ನಮ್ಮವರ ಸರ್ವಿಸ್‌ಗೆ ಮುನ್ನ ಬೆನ್ನ ಹಿಂದೆ ಬೆರಳು ತೋರಿಸುತ್ತಾನೆ. ಒಂದು ಬೆರಳಾದರೆ ಗೆರೆಯ ಕಡೆಯ ಹೊಡೆತಕ್ಕೆ ಬ್ಲಾಕ್, ಎರಡಾದರೆ ಅಡ್ಡ ಹೊಡೆತಕ್ಕೆ, ಮುಷ್ಟಿಯಾದರೆ ಬ್ಲಾಕ್ ಇಲ್ಲ. ಹಿಂದಿನವರು ಅದನ್ನು ನೋಡಿ ಬ್ಲಾಕ್ ಮುಚ್ಚದ ಕಡೆ ನಿಲ್ಲುತ್ತಾರೆ. ಶಾಲಾ ಮಕ್ಕಳಿಗೆ ಇಷ್ಟೂ ಬೇಡವಾದರೂ ಒಂದು ಮತ್ತು ಎರಡು ಕಲಿಸಬಹುದು. ಬೆರಳು ತೋರಿಸಿದವನು ಹಿಂದಿರುಗಿ ನೋಡಲಾರ, ಹಾಗಾಗಿ ಕಂಡವರು "ಸರಿ" ಎನ್ನಬೇಕು. ಅದಿಲ್ಲದಿದ್ದರೆ ಸಂಜ್ಞೆ ಮುಟ್ಟಿತೋ ಇಲ್ಲವೋ ಗೊತ್ತಾಗುವುದಿಲ್ಲ.

ನಮ್ಮ ತಂಡದಲ್ಲಿ ಕಿವಿ ಮಂದ ಇರುವ ಆಟಗಾರನೊಬ್ಬನಿದ್ದಾನೆ. ಅವನಿಗಾಗಿ ಒಂದು ಪದ್ಧತಿ ಶುರು ಮಾಡಿದೆವು. ಪ್ರತಿ ಪಾಯಿಂಟ್ ಆದ ಮೇಲೆ, ಗೆದ್ದರೂ ಸೋತರೂ, ಆರೂ ಜನ ನಡುವೆ ಸೇರಿ ಕೈ ತಟ್ಟಿ, ಕಣ್ಣು ನೋಡಿ, ಒಂದು ಸಂಜ್ಞೆ ಮಾಡಿ ಹೋಗುವುದು. ಆಮೇಲೆ ಕಂಡದ್ದೇನೆಂದರೆ ಅದು ಅವನಿಗಿಂತ ನಮಗೇ ಹೆಚ್ಚು ಬೇಕಾಗಿತ್ತು. ಚೆಂಡು ಬಿಟ್ಟವನು ತಲೆ ತಗ್ಗಿಸಿ ಮೂಲೆಗೆ ಹೋಗುವುದು ನಿಂತಿತು.

ಶಿಳ್ಳೆ ಹಿಡಿದವನು, ಹುಬ್ಬಳ್ಳಿ

ಒಳ್ಳೆಯ ಪದ್ಧತಿ. ಬೇಗ ಮುಗಿಸಿ ಅಷ್ಟೇ. ನಾನು ಶಿಳ್ಳೆ ಊದಿದ ಮೇಲೆ ಸರ್ವಿಸ್‌ಗೆ ಇರುವುದು 8 ಸೆಕೆಂಡ್. ಪಂದ್ಯ ಎಳೆಯುತ್ತಿದ್ದೀರಿ ಅನ್ನಿಸಿದರೆ ವಿಳಂಬದ ಎಚ್ಚರಿಕೆ ಕೊಡಬೇಕಾಗುತ್ತದೆ. ಇನ್ನೊಂದು: ನನ್ನೊಡನೆ ಮಾತಾಡುವ ಹಕ್ಕು ಅಂಕಣದಲ್ಲಿರುವ ನಾಯಕನಿಗೆ ಮಾತ್ರ. ತೀರ್ಪು ಒಪ್ಪದ ಮಕ್ಕಳು ಆರು ದಿಕ್ಕಿನಿಂದ ಕೈ ಎತ್ತಿ ಬರುತ್ತಾರೆ. ನಾಯಕ ಹೇಗೆ ಕೇಳಬೇಕು, ಉಳಿದವರು ಆ ಹೊತ್ತಿನಲ್ಲಿ ಏನು ಮಾಡಬೇಕು ಎಂಬುದನ್ನೂ ಕಲಿಸಿ.

ಎರೆಮಣ್ಣಿನ ಮಾಸ್ತರ, ಅಣ್ಣಿಗೇರಿ ಕಡೆ

ಎಲ್ಲರಿಗೂ ಧನ್ಯವಾದ. ಕೆಲವನ್ನು ಮಾಡಿ ನೋಡಿ ಬರೆಯುತ್ತಿದ್ದೇನೆ. ಮಳೆ ಹಿಡಿದು ಅಂಗಳದಲ್ಲಿ ಕಾಲಿಡುವಂತಿರಲಿಲ್ಲ. ಎರೆಮಣ್ಣಿನ ಕಥೆ ನಿಮಗೆ ಗೊತ್ತಲ್ಲ, ಮಳೆಗಾಲದಲ್ಲಿ ಅಂಟು, ಬೇಸಿಗೆಯಲ್ಲಿ ಬಿರುಕು. ಮೇಲೆ ಗರಸು ಹಾಕಿಸುವಂತೆ ಊರ ಹಿರಿಯರನ್ನು ಕೇಳಿದ್ದೇನೆ. ಅಲ್ಲಿಯವರೆಗೆ ಶಾಲೆಯ ಪಡಸಾಲೆಯಲ್ಲಿ ಚೆಂಡಿಲ್ಲದೆ ಆಡಿಸಿದೆ. ಸೀಮೆಸುಣ್ಣದಲ್ಲಿ ಆರು ಸ್ಥಾನ ಬರೆದು, ನಾನು ಒಂದು ಜಾಗಕ್ಕೆ ಬೆರಳು ತೋರಿಸುವುದು, ಅಲ್ಲಿಗೆ ಸೇರಿದವನು "ನಾನು" ಎಂದು ಹೆಜ್ಜೆ ಇಡುವುದು, ಪಕ್ಕದವನು ಹಿಂದೆ ಸರಿದು ಬೆಂಬಲಕ್ಕೆ ನಿಲ್ಲುವುದು. ಚೆಂಡಿನ ಭಯವಿಲ್ಲದ್ದರಿಂದ ಎಲ್ಲರ ಬಾಯಿ ಬಿಟ್ಟಿತು. ಹಾನಗಲ್ಲಿನ ಅಣ್ಣನವರ ಮಾತಿನಲ್ಲಿ ಹುರುಳಿದೆ ಎಂದು ಅಲ್ಲೇ ಗೊತ್ತಾಯಿತು: ಚೆಂಡು ಬಂದ ಕೂಡಲೇ ಕೈ ಹಿಡಿತವಿಲ್ಲದ ಇಬ್ಬರು ಮತ್ತೆ ಮೌನ. ಅವರಿಗೆ ಗೋಡೆಯ ಅಭ್ಯಾಸವೂ ನಡೆದಿದೆ.

ಕೂಗದಿದ್ದರೆ ಪಾಯಿಂಟ್ ಇಲ್ಲ ಎಂಬ ಗದಗದ ನಿಯಮ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿತು. ಎಷ್ಟು ಮಾಡಿತೆಂದರೆ ಈಗ ಹೊಸ ಸಮಸ್ಯೆ. ಪ್ರತಿ ಚೆಂಡಿಗೂ ಮೂವರು "ನಾನು" ಎನ್ನುತ್ತಾರೆ. ನಿನ್ನೆ ಇಬ್ಬರು ಡಿಕ್ಕಿ ಹೊಡೆದು ಒಬ್ಬನ ತುಟಿ ಒಡೆದಿದೆ. ಈಗೇನು ಮಾಡಲಿ?

ರಾಣೆಬೆನ್ನೂರು ಸೆಟ್ಟರ್

ತುಟಿಗೆ ಬೇಗ ವಾಸಿಯಾಗಲಿ. ಆದರೂ ಇದು ಒಳ್ಳೆಯ ಸಮಸ್ಯೆ ಸರ್. ಮೂರು ಆದ್ಯತೆ ಗೊತ್ತುಮಾಡಿ. ಲಿಬೆರೊ ಕೂಗಿದರೆ ಉಳಿದವರು ಬಿಡಬೇಕು. ಲಿಬೆರೊ ದೂರದಲ್ಲಿದ್ದರೆ, ಮುಂದಕ್ಕೆ ಬರುತ್ತಿರುವವನಿಗೆ ಚೆಂಡು, ಹಿಂದಕ್ಕೆ ಸರಿಯುತ್ತಿರುವವನು ಬಿಡಬೇಕು. ಇಬ್ಬರೂ ಅಕ್ಕಪಕ್ಕದಲ್ಲಿದ್ದರೆ ಒಬ್ಬ ಮುಂದಿನಿಂದ ಹಾಯಬೇಕು, ಇನ್ನೊಬ್ಬ ಅವನ ಬೆನ್ನ ಹಿಂದಿನಿಂದ. ಯಾರು ಮುಂದೆ ಎಂಬುದನ್ನು ಪ್ರತಿ ಜೋಡಿಗೂ ಮೊದಲೇ ಹೇಳಿಟ್ಟರೆ ಡಿಕ್ಕಿ ಆಗುವುದಿಲ್ಲ.

ಹಿಂದಿನ ಸಾಲು, ಗದಗ

ಕೂಗದಿದ್ದರೆ ಪಾಯಿಂಟ್ ಎದುರಾಳಿಗೆ ಎಂಬ ನಿಯಮವನ್ನು ಈಗ ಸ್ವಲ್ಪ ತಿರುಗಿಸಿ ಸರ್. ಇಬ್ಬರು "ನಾನು" ಎಂದರೂ ಪಾಯಿಂಟ್ ಎದುರಾಳಿಗೆ. ಬಿಟ್ಟುಕೊಟ್ಟವನು "ನಿನ್ನದು" ಎಂದರೆ ಮಾತ್ರ ಎಣಿಕೆ. ನಮ್ಮಲ್ಲೂ ಈ ಹಂತ ಬಂದಿತ್ತು.

ಹಳೆಯ ಸ್ಮ್ಯಾಶರ್, ಹಾನಗಲ್

ಮಾಸ್ತರರೇ, ಚಾದರ ಹಾಕಿ ಆಡಿಸಿದಿರಾ? ಅದೊಂದು ನನಗೆ ಹೊಸದು. ನಮ್ಮ ಮೊಮ್ಮಕ್ಕಳ ಮೇಲೆ ಪ್ರಯೋಗ ಮಾಡಬೇಕೆಂದಿದ್ದೇನೆ.

ಎರೆಮಣ್ಣಿನ ಮಾಸ್ತರ, ಅಣ್ಣಿಗೇರಿ ಕಡೆ

ಹಾಕಿದೆವು ಅಣ್ಣಾ. ಒಂದೇ ಚಾದರ ಸಾಲದು, 9 ಮೀಟರ್‌ಗೆ ನಾಲ್ಕೈದು ಬೇಕು. ಮೇಲಿನ ಪಟ್ಟಿಗೆ ಬಟ್ಟೆ ಒಣಹಾಕುವ ಕ್ಲಿಪ್ ಹಚ್ಚಿ, ಕೆಳಗಿನ ಮೂಲೆಗಳನ್ನು ನೆಟ್‌ನ ಕೆಳಗಿನ ಹಗ್ಗಕ್ಕೆ ಕಟ್ಟಿ. ಭಾರಕ್ಕೆ ನೆಟ್ ನಡುವೆ ಜಗ್ಗುತ್ತದೆ, ಮುಗಿದ ಮೇಲೆ ಎತ್ತರ ಅಳೆದು ಮತ್ತೆ ಬಿಗಿಯಬೇಕು. ಜಮಖಾನೆ ಮಾತ್ರ ಬೇಡ, ನಮ್ಮ ಒಂದು ಕಂಬ ಅದರ ಭಾರಕ್ಕೇ ವಾಲಿತು.